‘ಮಿಷನ್ ಅಕ್ಕ’ ಆಗ್ತೀನಿ ಅಂದ ಹುಡುಗಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ, ಮುಂದೆ ಏನು ಓದಿಸಬೇಕು ಅಂತ ಸಲಹೆ ಕೇಳಲು ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರ ಮಾತು ಹೆಚ್ಚು ಕಡಿಮೆ ಒಂದೇ. ‘ಒಳ್ಳೆ ಮಾರ್ಕ್ಸ್ ಬಂದಿದೆ ಮೇಡಂ, ಡಾಕ್ಟರ್ ಓದಿಸಬೇಕು.’ ಓದಬೇಕಾದ ಹುಡುಗಿ ಪಕ್ಕದಲ್ಲೇ ಕೂತಿರುತ್ತಾಳೆ. ಅವಳನ್ನು ಯಾರೂ ಕೇಳಿರುವುದಿಲ್ಲ.

ಇದು ಸಕಲೇಶಪುರದ ಕಡೆಯ ಒಂದು ಕುಟುಂಬ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಜೊತೆಗೆ ಸಾಲ. ಮೊದಲು ಬಂದಾಗ ಪೂರ್ತಿ ಅಪ್ಪನೇ ಮಾತಾಡಿದರು. ‘ಡಾಕ್ಟರ್ ಸೀಟಿನ ನೀಟ್ ಪರೀಕ್ಷೆ ಆಗದಿದ್ರೆ ಲಾಂಗ್ ಟರ್ಮ್ ಹಾಕ್ತೀವಿ, ಇನ್ನೊಂದು ವರ್ಷ ಕೋಚಿಂಗ್ ಕೊಡಿಸ್ತೀವಿ, ತೋಟ ಅಡ ಇಟ್ಟಾದ್ರೂ ಸರಿ.’ ಮುಂದಿನ ಸಲ ‘ನೀವು ಹೊರಗೆ ಒಂದು ಕಾಫಿ ಕುಡಿದು ಬನ್ನಿ’ ಎಂದು ಅವರನ್ನು ಕಳಿಸಿದೆ.

ಹುಡುಗಿ ಸುಮಾರು ಹೊತ್ತು ಬ್ಯಾಗಿನ ಜಿಪ್ ಎಳೆಯುತ್ತಾ ಕೂತಿದ್ದಳು. ಆಸ್ಪತ್ರೆ ಕೆಲಸ ಇಷ್ಟವೇ ಇಲ್ವಾ ಅಂತ ಕೇಳಿದೆ.

‘ಇಷ್ಟ ಮೇಡಂ. ಅಜ್ಜಿಗೆ ಕಿಡ್ನಿ ಸರಿ ಇಲ್ಲ, ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಿಷನ್‌ನಲ್ಲಿ ರಕ್ತ ಶುದ್ಧ ಮಾಡ್ತಾರೆ. ರಜೆ ಇದ್ದಾಗ ಹಾಸನಕ್ಕೆ ನಾನೇ ಕರ್ಕೊಂಡು ಹೋಗೋದು. ಡಾಕ್ಟರ್ ಬಂದು ನೋಡಿ ಹೋಗ್ತಾರೆ. ನಾಲ್ಕು ಗಂಟೆ ಜೊತೆಗಿರೋದು ಆ ಮಿಷನ್ ನೋಡ್ಕೊಳ್ಳೋ ಅಕ್ಕ, ನಾವು ಮಿಷನ್ ಅಕ್ಕ ಅಂತೀವಿ. ತೂಕ ನೋಡ್ತಾರೆ, ಬಿಪಿ ನೋಡ್ತಾರೆ, ಕಾಲು ಹಿಡ್ಕೊಂಡ್ರೆ ಓಡಿ ಬರ್ತಾರೆ. ಅಜ್ಜಿ ಸೂಜಿ ಚುಚ್ಚಿಸ್ಕೊಳ್ಳೋದು ಅವರ ಕೈಲಿ ಮಾತ್ರ. ನನಗೆ ಅದಾಗಬೇಕು. ಅಪ್ಪನ ಹತ್ರ ಹೇಳಿದ್ರೆ ನನಗೆ ಮಾರ್ಕ್ಸ್ ಬಂದಿದ್ದೇ ದಂಡ ಅಂತಾರೆ.’

ಹದಿನಾರರ ಮಕ್ಕಳು ಒಂದು ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿ ಮಾತಾಡುವುದು ಅಪರೂಪ. ಡಾಕ್ಟರ್ ಆಗ್ತೀನಿ ಅನ್ನುವ ಬಹುತೇಕ ಮಕ್ಕಳಿಗೆ ಡಾಕ್ಟರ ದಿನ ಹೇಗಿರುತ್ತದೆ ಅಂತಲೇ ಗೊತ್ತಿರುವುದಿಲ್ಲ.

ಅಪ್ಪ ವಾಪಸ್ ಬಂದರು. ವಿಷಯ ಕೇಳಿ, ‘ಮಿಷನ್ ಆನ್ ಮಾಡೋಕೆ ಇಷ್ಟು ಓದಬೇಕಾ?’ ಅಂದರು. ನಾನು ಉತ್ತರ ಹುಡುಕುವ ಮೊದಲೇ ಮಗಳು ಹೇಳಿದಳು. ‘ಒಂದು ಸಲಕ್ಕೆ ನೂರು ಲೀಟರಿಗಿಂತ ಜಾಸ್ತಿ ನೀರು ಬೇಕು ಅಪ್ಪ. ಆ ನೀರು ಶುದ್ಧ ಇಲ್ಲದಿದ್ರೆ ಅಜ್ಜಿ ಜೀವಕ್ಕೇ ಅಪಾಯ. ಅದನ್ನೂ ಅವರೇ ನೋಡ್ಕೋಬೇಕು.’ ಅಪ್ಪ ಸುಮ್ಮನಾದರು. ತಾಯಿಯನ್ನು ಅಲ್ಲಿ ಬಿಟ್ಟು ಬರುತ್ತಿದ್ದವರು ಅವರೂ ಅಲ್ವಾ.

ನಾನು ಕೊಟ್ಟ ಸಲಹೆ ಹುಡುಗಿಗೂ ಪೂರ್ತಿ ಹಿಡಿಸಲಿಲ್ಲ. ಅವಳಿಗೆ ಈಗಲೇ ಪ್ಯಾರಾಮೆಡಿಕಲ್ ಡಿಪ್ಲೊಮಾ, ಅಂದರೆ ಡಯಾಲಿಸಿಸ್‌ನಂಥ ಆಸ್ಪತ್ರೆಯ ತಾಂತ್ರಿಕ ಕೆಲಸ ಕಲಿಸುವ ಕೋರ್ಸು ಸೇರುವ ಆಸೆ. ಬೇಡ ಅಂದೆ. ಹತ್ತನೇ ಕ್ಲಾಸಿಗೇ ಡಿಪ್ಲೊಮಾ ಸೇರಿದರೆ, ನಾಳೆ ಮನಸ್ಸು ಬದಲಾದಾಗ ದಾರಿಗಳು ಕಡಿಮೆ. ಪಿಯುಸಿಯಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ತಗೊಂಡರೆ ಬಿಎಸ್ಸಿ ಡಯಾಲಿಸಿಸ್, ಬಿಎಸ್ಸಿ ನರ್ಸಿಂಗ್, ಫಾರ್ಮಸಿ, ಎಂಬಿಬಿಎಸ್ ಎಲ್ಲವೂ ತೆರೆದೇ ಇರುತ್ತವೆ. ಮನೆಯಲ್ಲಿ ದುಡಿಮೆ ತುರ್ತಾಗಿ ಬೇಕಿರುವ ಮಕ್ಕಳಿಗೆ ನಾನೇ ಡಿಪ್ಲೊಮಾ ಹೇಳಿದ್ದೂ ಉಂಟು. ಇವಳಿಗೆ ಆ ಅವಸರ ಇರಲಿಲ್ಲ.

ಇನ್ನೊಂದು ಕೆಲಸ ಕೊಟ್ಟೆ. ಆ ಅಕ್ಕನ ಹತ್ತಿರ ಕಷ್ಟದ ಭಾಗ ಕೇಳಿಕೊಂಡು ಬಾ ಅಂದೆ. ದಿನವಿಡೀ ನಿಲ್ಲುವುದು, ರಕ್ತ, ಕೈಗೆ ಸೂಜಿ ತಾಗುವ ಭಯ, ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಕಾಯಿಲೆಗೆ ಲಸಿಕೆ ಹಾಕಿಸಿಕೊಳ್ಳುವುದು, ವರ್ಷಗಟ್ಟಲೆ ನೋಡಿಕೊಂಡ ರೋಗಿ ಒಂದು ದಿನ ಬರದೇ ಹೋಗುವುದು. ಮತ್ತೆ ಸಂಬಳ. ಸಂಬಳದ ಮಾತನ್ನು ಮಕ್ಕಳಿಂದ ಮುಚ್ಚಿಡುವುದು ನನಗೆ ಸರಿ ಅನ್ನಿಸುವುದಿಲ್ಲ.

ಪೋಷಕರಿಗೂ ಒಂದು ಮಾತು. ಈ ಹೊತ್ತಿಗೆ ಫೋನ್ ಮಾಡುವ ಏಜೆಂಟರಿಗೆ ಮುಂಗಡ ಕೊಡಬೇಡಿ. ನರ್ಸಿಂಗ್ ಕಾಲೇಜಾದರೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ, ಬಿಎಸ್ಸಿ ಕೋರ್ಸಾದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಂಥ ವಿವಿಯ ಸಂಯೋಜನೆ, ಡಿಪ್ಲೊಮಾ ಆದರೆ ಪ್ಯಾರಾಮೆಡಿಕಲ್ ಬೋರ್ಡ್. ಇವನ್ನು ನೀವೇ ನೋಡಿಕೊಳ್ಳಿ. ಕಾಲೇಜಿಗೆ ಆಸ್ಪತ್ರೆ ಎಲ್ಲಿದೆ, ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ ಅಂತಲೂ ಕೇಳಿ.

ಮಕ್ಕಳ ಆಸೆಗೆ ನಾನು ತಣ್ಣೀರು ಎರಚುತ್ತೇನೆ ಅಂತ ಒಬ್ಬ ಮೇಷ್ಟ್ರು ಬೇಜಾರು ಮಾಡಿಕೊಂಡರು. ಯಾರ ಆಸೆಗೆ ಅಂತ ನಾನೂ ಕೇಳಿದೆ. ಹಾಸನದಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಚಿಕ್ಕಮಗಳೂರಿಗೂ ಈಗ ಬಂದಿದೆ. ಎಲ್ಲರ ಕಣ್ಣೂ ಅಲ್ಲಿನ ಎಂಬಿಬಿಎಸ್ ಸೀಟಿನ ಮೇಲೆ. ಲ್ಯಾಬು, ಎಕ್ಸರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್ ನಡೆಸುವವರು ಬೇಡವೇ? ಡಾಕ್ಟರ್ ಆಗಲೇಬೇಕು ಅನ್ನುವ ಮಗುವನ್ನು ನಾನು ತಡೆದಿಲ್ಲ. ಅವರಿಗೆ ನೀಟ್ ತಯಾರಿಯ ಬಗ್ಗೆಯೇ ಹೇಳುತ್ತೇನೆ.

ಹುಡುಗಿ ಈಗ ಪಿಸಿಎಂಬಿ ಓದುತ್ತಿದ್ದಾಳೆ. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ, ನೀಟ್ ಬರೆಸಿಯೇ ತೀರುತ್ತಾರಂತೆ. ಬರೆಯಲಿ, ತಪ್ಪೇನಿಲ್ಲ. ಲಾಂಗ್ ಟರ್ಮಿಗೆ ದುಡ್ಡು ಕಟ್ಟುವ ಮೊದಲು ಮಾತ್ರ ಇಬ್ಬರೂ ಒಟ್ಟಿಗೆ ಬನ್ನಿ ಅಂದಿದ್ದೇನೆ.