ಒಂದೇ ಶಾಫ್ಟ್, ಎರಡು ರೀಡಿಂಗ್: ಯಾರದ್ದು ಸರಿ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಸಿಎನ್‌ಸಿ ಟರ್ನಿಂಗ್ ಶಾಪ್. ಡ್ರಾಯಿಂಗ್ ಪ್ರಕಾರ ಆರ್‌ಎ (ಮೇಲ್ಮೈಯ ಏರಿಳಿತಗಳ ಸರಾಸರಿ) 1.6 ಮೈಕ್ರಾನ್ ದಾಟಬಾರದು. ನಮ್ಮ ರಫ್‌ನೆಸ್ ಟೆಸ್ಟರ್ 1.4 ತೋರಿಸಿತು. ಕಸ್ಟಮರ್ ಕಡೆ ಅದೇ ಶಾಫ್ಟ್ 2.1 ಬಂದು ಇಡೀ ಲಾಟ್ ವಾಪಸಾಯಿತು. ಅಳತೆ ಮೊದಲೇ ಗೊತ್ತಿರುವ ಮಾಸ್ಟರ್ ಪೀಸ್ ಮೇಲೆ ನಮ್ಮ ಟೆಸ್ಟರ್ ಸರಿಯಾಗಿಯೇ ಓದುತ್ತದೆ. ಫೀಡ್ (ಒಂದು ಸುತ್ತಿಗೆ ಟೂಲ್ ಸಾಗುವ ದೂರ) 0.2 ಮಿ.ಮೀ., ಇನ್ಸರ್ಟ್‌ನ ನೋಸ್ ರೇಡಿಯಸ್ (ಕತ್ತರಿಸುವ ತುದಿಯ ದುಂಡು) 0.8, ಟೆಸ್ಟರ್‌ನಲ್ಲಿ ಕಟ್‌ಆಫ್ 0.25 ಇದೆ. ತಪ್ಪು ಎಲ್ಲಿ?

ಉತ್ತರ: ಕಸ್ಟಮರ್ ಹೇಳುವುದೇ ಸರಿ. ನಿಮ್ಮ ಟೆಸ್ಟರ್ ಕೆಟ್ಟಿಲ್ಲ, ಕಟ್‌ಆಫ್ ತಪ್ಪಾಗಿದೆ.

ಟೆಸ್ಟರ್‌ನ ಸ್ಟೈಲಸ್ (ಸೂಜಿ) ಮೇಲ್ಮೈ ಮೇಲೆ ಸಾಗುವಾಗ ಟೂಲಿನ ಗೆರೆಗಳ ಜೊತೆಗೆ ಜಾಬ್‌ನ ದೊಡ್ಡ ಅಲೆ, ಬಾಗು ಎಲ್ಲವೂ ದಾಖಲಾಗುತ್ತವೆ. ಕಟ್‌ಆಫ್‌ಗಿಂತ ಉದ್ದದ ಅಲೆಗಳನ್ನು ಫಿಲ್ಟರ್ ತೆಗೆದುಹಾಕುತ್ತದೆ, ಉಳಿದದ್ದರ ಲೆಕ್ಕವೇ ಆರ್‌ಎ. ಆದರೆ ಫಿಲ್ಟರ್ ಆ ಅಂಚಿನಲ್ಲಿ ಕತ್ತರಿಸಿದ ಹಾಗೆ ನಿಲ್ಲುವುದಿಲ್ಲ. ಸರಿಯಾಗಿ ಕಟ್‌ಆಫ್‌ನಷ್ಟೇ ಉದ್ದದ ಅಲೆ ಅರ್ಧಕ್ಕೆ ಇಳಿಯುತ್ತದೆ, ಅದಕ್ಕಿಂತ ಸ್ವಲ್ಪ ಚಿಕ್ಕದಾದ ಅಲೆಯೂ ಸೊರಗುತ್ತದೆ. ನಿಮ್ಮ ಫೀಡ್ 0.2 ಆದ್ದರಿಂದ ಟೂಲಿನ ಗೆರೆಗಳೂ 0.2 ಮಿ.ಮೀ.ಗೆ ಒಂದರಂತೆ ಇರುತ್ತವೆ. 0.25ರ ಕಟ್‌ಆಫ್‌ನಲ್ಲಿ ಅವುಗಳ ಎತ್ತರದ ಸುಮಾರು ಮೂರನೇ ಒಂದು ಭಾಗ ಲೆಕ್ಕದಿಂದ ಹೊರಗೆ ಹೋಗುತ್ತದೆ. 2.1 ಇದ್ದದ್ದು 1.4 ಆಗುವುದು ಹೀಗೆ.

ಮಾಸ್ಟರ್ ಪೀಸ್ ಯಾಕೆ ಸರಿ ಬಂತು? ಅದರ ಗೆರೆಗಳು ಹತ್ತಿರ ಹತ್ತಿರ ಇದ್ದರೆ, ಅಂದರೆ 0.1 ಮಿ.ಮೀ. ಅಂತರದಲ್ಲಿದ್ದರೆ, 0.25ರಲ್ಲೂ ಹೆಚ್ಚೇನೂ ನಷ್ಟವಾಗುವುದಿಲ್ಲ. ಮಾಸ್ಟರ್ ಪೀಸ್ ಟೆಸ್ಟರ್‌ನ ಆರೋಗ್ಯ ಹೇಳುತ್ತದೆ, ನಿಮ್ಮ ಜಾಬ್‌ಗೆ ಸೆಟ್ಟಿಂಗ್ ಸರಿಯಿದೆಯೇ ಎಂದು ಹೇಳುವುದಿಲ್ಲ.

ಐಎಸ್‌ಒ 4288 ಪ್ರಕಾರ, ಟರ್ನಿಂಗ್‌ನಂತೆ ಒಂದೇ ಅಂತರದಲ್ಲಿ ಗೆರೆ ಮೂಡುವ ಮೇಲ್ಮೈಗೆ ಕಟ್‌ಆಫ್ ಆರಿಸಬೇಕಾದದ್ದು ಗೆರೆಗಳ ಅಂತರ ನೋಡಿ. 0.13ರಿಂದ 0.4 ಮಿ.ಮೀ. ಅಂತರಕ್ಕೆ 0.8, ಅದಕ್ಕೂ ಮೇಲೆ 1.3ರವರೆಗೆ 2.5. ಈ ಮಾನದಂಡದ ಜಾಗಕ್ಕೆ 2021ರಲ್ಲಿ ಐಎಸ್‌ಒ 21920 ಬಂದಿದೆ. ಹಳೆಯ ಡ್ರಾಯಿಂಗ್‌ಗಳು ಇನ್ನೂ ಓಡಾಡುತ್ತಿರುವುದರಿಂದ, ಯಾವ ಕಟ್‌ಆಫ್ ಎಂಬುದನ್ನು ಆರ್ಡರ್ ಹಂತದಲ್ಲೇ ಬರೆಸಿಕೊಳ್ಳಿ. ನಿಮ್ಮಲ್ಲಿ ಎಂದೋ ಕಿರಿದಾದ ಗ್ರೂವ್ ಅಳೆಯಲು ಯಾರೋ 0.25 ಇಟ್ಟು ಹಾಗೆಯೇ ಬಿಟ್ಟಿರಬಹುದು. ಜಾಗ ಸಾಲದಿದ್ದಾಗ 0.8 × 5ರ (ಅಂದರೆ ಕಟ್‌ಆಫ್‌ನಷ್ಟು ಉದ್ದದ ಐದು ತುಂಡುಗಳ) ಬದಲು 0.8 × 2 ಅಥವಾ 3 ತೆಗೆದುಕೊಳ್ಳಿ, ಹಾಗೆಂದು ರಿಪೋರ್ಟ್‌ನಲ್ಲಿ ನಮೂದಿಸಿ. ಕಟ್‌ಆಫ್ ಮುಟ್ಟಬೇಡಿ.

ಸೆಟ್ಟಿಂಗ್ ಸರಿ ಮಾಡಿದರೂ ಜಾಬ್ ಪಾಸಾಗುವುದಿಲ್ಲ, ಅದು ನಿಜವಾಗಿಯೂ ಒರಟಾಗಿದೆ. ಫೀಡ್‌ನ ವರ್ಗವನ್ನು ನೋಸ್ ರೇಡಿಯಸ್‌ನ 32 ಪಟ್ಟಿನಿಂದ ಭಾಗಿಸಿದರೆ ಹೆಚ್ಚುಕಡಿಮೆ ಆರ್‌ಎ ಮಿ.ಮೀ.ನಲ್ಲಿ ಸಿಗುತ್ತದೆ, ಸಾವಿರದಿಂದ ಗುಣಿಸಿದರೆ ಮೈಕ್ರಾನ್. ನಿಮ್ಮ ಲೆಕ್ಕ ಕಾಗದದ ಮೇಲೆಯೇ 1.6ಕ್ಕೆ ಬಂದು ನಿಲ್ಲುತ್ತದೆ. ಟೂಲ್ ಸವೆತ, ಕಂಪನ ಸೇರಿದರೆ ದಾಟದೆ ಇರುತ್ತದೆಯೇ? ಫಿನಿಶ್ ಪಾಸ್‌ನ ಫೀಡನ್ನು 0.15ಕ್ಕೆ ಇಳಿಸಿದರೆ ಲೆಕ್ಕ 0.9ಕ್ಕೆ ಬರುತ್ತದೆ. 1.2 ರೇಡಿಯಸ್‌ನ ಇನ್ಸರ್ಟ್ ಹಾಕಿಯೂ ಇಳಿಸಬಹುದು, ಆದರೆ ಉದ್ದನೆಯ ಸಪೂರ ಶಾಫ್ಟ್ ಆಗಿದ್ದರೆ ಚಾಟರ್ (ಕತ್ತರಿಸುವಾಗಿನ ನಡುಕ) ಬರುವ ಅಪಾಯವಿದೆ. ನಾನಾಗಿದ್ದರೆ ಫೀಡನ್ನೇ ಇಳಿಸುತ್ತಿದ್ದೆ.

ಪ್ರಶ್ನೆ: ಗೇರ್‌ಬಾಕ್ಸ್ ಶಾಫ್ಟ್‌ನಲ್ಲಿ ಆಯಿಲ್ ಸೀಲ್ ಕೂರುವ ಜಾಗಕ್ಕೆ ಟರ್ನಿಂಗ್‌ನಲ್ಲೇ ಆರ್‌ಎ 0.4 ತಂದಿದ್ದೇವೆ. ಆದರೂ ಒಂದು ದಿಕ್ಕಿಗೆ ತಿರುಗಿದಾಗ ಆಯಿಲ್ ಸೋರುತ್ತದೆ. ಇನ್ನೂ ನುಣುಪು ಮಾಡಬೇಕೇ?

ಉತ್ತರ: ಬೇಡ. ಇಂಥ ಸೀಲ್‌ಗಳಿಗೆ ಆರ್‌ಎ ಸಾಮಾನ್ಯವಾಗಿ 0.2ರಿಂದ 0.8 ಕೇಳುತ್ತಾರೆ, ನೀವು ಅದರೊಳಗೇ ಇದ್ದೀರಿ. ತೀರಾ ನುಣುಪಾದರೆ ಆಯಿಲ್ ಪದರ ನಿಲ್ಲದೆ ಸೀಲ್‌ನ ತುಟಿ ಬಿಸಿಯಾಗಿ ಸುಡುತ್ತದೆ.

ಒಂದೇ ದಿಕ್ಕಿಗೆ ಸೋರುವುದೇ ಮುಖ್ಯ ಸುಳಿವು. ಟರ್ನಿಂಗ್ ಬಿಟ್ಟುಹೋಗುವ ಗೆರೆ ಬಿಡಿ ಬಿಡಿ ಉಂಗುರಗಳಲ್ಲ, ಒಂದೇ ಸುರುಳಿ, ಬಹಳ ಸಣ್ಣ ಥ್ರೆಡ್. ಶಾಫ್ಟ್ ತಿರುಗಿದಾಗ ಅದು ಆಯಿಲನ್ನು ಸೀಲ್‌ನ ಕೆಳಗಿನಿಂದ ಹೊರಕ್ಕೆ ತಳ್ಳುತ್ತದೆ, ದಿಕ್ಕು ಬದಲಾದರೆ ಒಳಕ್ಕೆ. ಆರ್‌ಎ ಎಂದರೆ ಏರಿಳಿತಗಳ ಸರಾಸರಿ ಮಾತ್ರ. ಗೆರೆ ಸುರುಳಿಯೋ ಉಂಗುರವೋ ಎಂಬುದು ಅದಕ್ಕೆ ಕಾಣುವುದಿಲ್ಲ.

ಪರೀಕ್ಷೆಗೆ ದಾರ ಸಾಕು. ಶಾಫ್ಟನ್ನು ಅಡ್ಡಕ್ಕೆ, ಲೆವೆಲ್ ನೋಡಿ ಹಿಡಿದು, ತೆಳುವಾಗಿ ಆಯಿಲ್ ಸವರಿ, ಸುಮಾರು 30 ಗ್ರಾಂ ತೂಕ ಕಟ್ಟಿದ ದಾರವನ್ನು ಇಳಿಬಿಟ್ಟು ನಿಮಿಷಕ್ಕೆ 60 ಸುತ್ತಿನಂತೆ ತಿರುಗಿಸಿ. ದಾರ ಒಂದು ಪಕ್ಕಕ್ಕೆ ಸರಿದು, ದಿಕ್ಕು ಬದಲಿಸಿದಾಗ ವಾಪಸ್ ಬಂದರೆ ಸುರುಳಿ ಇದೆ. ಎರಡು ಸಲವೂ ಒಂದೇ ಕಡೆ ಸರಿದರೆ ಲೆವೆಲ್ ತಪ್ಪಿದೆ ಅಥವಾ ಶಾಫ್ಟ್ ಟೇಪರ್ ಆಗಿದೆ. ಪರಿಹಾರ ಪ್ಲಂಜ್ ಗ್ರೈಂಡಿಂಗ್: ವ್ಹೀಲ್ ಪಕ್ಕಕ್ಕೆ ಸರಿಯದೆ ನೇರ ಒಳಗೆ ಬರಬೇಕು, ಕೊನೆಗೆ ಕಿಡಿ ನಿಲ್ಲುವವರೆಗೆ ಬಿಡಬೇಕು.

ಪ್ರಶ್ನೆ: ಆರ್‌ಎಯನ್ನು ನಾಲ್ಕರಿಂದ ಗುಣಿಸಿದರೆ ಆರ್‌ಜೆಡ್ (ಅತಿ ಎತ್ತರದ ಏರಿನಿಂದ ಅತಿ ಆಳದ ತಗ್ಗಿನವರೆಗಿನ ಅಳತೆ) ಸಿಗುತ್ತದೆಯೇ? (ಡಿಪ್ಲೊಮಾ ವಿದ್ಯಾರ್ಥಿ)

ಉತ್ತರ: ಹೊಸ ಟೂಲಿನಿಂದ ಚೊಕ್ಕವಾಗಿ ಟರ್ನ್ ಆದ ಮೇಲ್ಮೈಗೆ ಹತ್ತಿರ ಬರಬಹುದು. ಗ್ರೈಂಡಿಂಗ್‌ನಲ್ಲಿ ಈ ಅನುಪಾತ ಹೆಚ್ಚು. ಒಂದೇ ಒಂದು ಆಳದ ಗೀರು ಇದ್ದರೆ ಆರ್‌ಎ ಅಷ್ಟಾಗಿ ಕದಲುವುದಿಲ್ಲ, ಆರ್‌ಜೆಡ್ ಏರಿಬಿಡುತ್ತದೆ. ಡ್ರಾಯಿಂಗ್ ಆರ್‌ಜೆಡ್ ಕೇಳಿದ್ದರೆ ಗುಣಿಸಬೇಡಿ, ಅದನ್ನೇ ಅಳೆಯಿರಿ.