ಕಾಡುಪ್ರಾಣಿಗಳಿಗೂ ಲಸಿಕೆ ಹಾಕಬಾರದೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಕಾಡುಪ್ರಾಣಿಗಳ ರೋಗದ ಬಗ್ಗೆ ಓದಿ ಬೇಸರವಾಯಿತು. ದನಕ್ಕೆ, ನಾಯಿಗೆ ಲಸಿಕೆ ಹಾಕ್ತೀವಿ. ಕಾಡಿನವನ್ನು ಮಾತ್ರ ಸಾಯಲು ಬಿಡೋದು ಯಾಕೆ? ಅದು ಆಗದಿದ್ದರೆ ರೋಗ ಬಂದವನ್ನು ಕೊಂದು ಉಳಿದವನ್ನಾದರೂ ಕಾಪಾಡಬಹುದಲ್ವಾ? ಸತ್ತ ಪ್ರಾಣಿ ಕಣ್ಣಿಗೆ ಬಿದ್ದರೆ ನಮ್ಮಂಥವರು ಏನು ಮಾಡಬೇಕು?

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಲಸಿಕೆಯ ಮಾತಿಗೆ ಮೊದಲು ಇನ್ನೊಂದು ತೊಡಕಿದೆ. ಕಾಡಿನಲ್ಲಿ ರೋಗ ಬಂದಿದೆ ಅಂತ ತಿಳಿಯುವುದೇ ಕಷ್ಟ. ಕೊಟ್ಟಿಗೆಯ ದನ ಮೇವು ಬಿಟ್ಟರೆ ಅದೇ ದಿನ ಗೊತ್ತಾಗುತ್ತದೆ. ಜ್ವರ ಬಂದ ಜಿಂಕೆ ಪೊದೆ ಸೇರಿಬಿಡುತ್ತದೆ. ಸತ್ತರೆ ಹದ್ದು, ನರಿ, ಹಂದಿ ಸೇರಿ ಮುಗಿಸಿಬಿಡುತ್ತವೆ. ಹಾಗಾಗಿ ಸಿಕ್ಕ ಒಂದೊಂದು ಹೆಣಕ್ಕೂ ಬೆಲೆ ಇದೆ. ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಕಜ್ಜಿ ಹಿಡಿದ ಮೈ ಕಾಣಬಹುದು. ಹಿಕ್ಕೆ, ಲದ್ದಿ, ಮೈಮೇಲೆ ರಕ್ತ ಹೀರುವ ಉಣ್ಣೆಗಳನ್ನು ಪರೀಕ್ಷಿಸಬಹುದು. ಓಡಾಟ ತಿಳಿಯಲು ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಲು ಮಂಪರು ಕೊಟ್ಟಾಗಲೇ ಒಂದಿಷ್ಟು ರಕ್ತ ತೆಗೆದಿಟ್ಟುಕೊಳ್ಳಬಹುದು. ಆದರೂ ಯಾವ ರೋಗದಿಂದ ಸತ್ತಿತು ಅಂತ ಖಚಿತವಾಗಿ ಹೇಳುವುದು ಹೆಚ್ಚಾಗಿ ಹೆಣವೇ.

ಹಾಗಂತ ಎಲ್ಲ ಹೆಣವನ್ನೂ ಕೊಯ್ಯುವ ಹಾಗಿಲ್ಲ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಪಶುವೈದ್ಯರು ಚಾಕು ಕೆಳಗಿಡುತ್ತಾರೆ. ಅದು ಆಂಥ್ರಾಕ್ಸ್ ಇರಬಹುದು, ಮನುಷ್ಯರಿಗೂ ತಗುಲುವ ಮಾರಕ ರೋಗ. ಕೊಯ್ದರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಗಾಳಿ ಸಿಕ್ಕಿ ಗಟ್ಟಿ ಕವಚದ ಬೀಜಾಣುಗಳಾಗುತ್ತವೆ. ಅವು ಮಣ್ಣಿನಲ್ಲಿ ಹತ್ತಾರು ವರ್ಷ ಕಾಯುತ್ತವೆ. ಅದಕ್ಕೆ ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ, ಮೆಥಿಲೀನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೀಲಿ ಕಡ್ಡಿಗಳ ಸುತ್ತ ನಸುಗೆಂಪು ಅಂಚು ಕಂಡರೆ ಅನುಮಾನ ಬಲವಾಯಿತು. ಆಮೇಲೆ ಹೆಣವನ್ನು ಸುಡಬೇಕು, ಇಲ್ಲವೇ ಆಳವಾಗಿ ಹೂಳಬೇಕು.

ಈಗ ಲಸಿಕೆ. ಡಾರ್ಟ್ ಹೊಡೆದು ಒಂದೊಂದಕ್ಕೇ ಲಸಿಕೆ ಹಾಕುವುದು ಬೆರಳೆಣಿಕೆಯ ಪ್ರಾಣಿಗಳಿಗೆ ಸರಿ, ಸಾವಿರಾರಕ್ಕೆ ಆಗದ ಮಾತು. ಆದರೆ ತಿನ್ನಿಸಿ ಗೆದ್ದದ್ದುಂಟು. ಯುರೋಪಿನ ನರಿಗಳಲ್ಲಿ ರೇಬಿಸ್ ಹಬ್ಬಿದಾಗ ಮೊದಲು ನರಿಗಳನ್ನು ಕೊಂದು ನೋಡಿದರು, ನಿಲ್ಲಲಿಲ್ಲ. 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೋಳಿ ತಲೆಯೊಳಗೆ ಲಸಿಕೆ ಇಟ್ಟು ನರಿ ಓಡಾಡುವ ಕಡೆ ಹಾಕಿದರು. ನರಿ ತಿಂದಿತೋ ಇಲ್ಲವೋ ತಿಳಿಯುವುದು ಹೇಗೆ? ಇಂಥ ತಿನಿಸಿನಲ್ಲಿ ಟೆಟ್ರಾಸೈಕ್ಲಿನ್ ಅನ್ನುವ ಔಷಧ ಬೆರೆಸುತ್ತಾರೆ. ಅದು ಹಲ್ಲು, ಮೂಳೆಗಳಲ್ಲಿ ಉಳಿದು ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತದೆ! 1999ರ ಹೊತ್ತಿಗೆ ಆ ದೇಶ ರೇಬಿಸ್‌ನಿಂದ ಮುಕ್ತವಾಯಿತು.

ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಕಾಡಿನ ಒಂದು ಪ್ರಾಣಿಗೂ ಲಸಿಕೆ ಹಾಕದೆ ಗೆದ್ದ ಕಥೆ. ರಿಂಡರ್‌ಪೆಸ್ಟ್, ಅಂದರೆ ದನಗಳ ದೊಡ್ಡರೋಗ, 1890ರ ದಶಕದಲ್ಲಿ ಆಫ್ರಿಕಾದ ದನಗಳ ಜೊತೆ ಕಾಡೆಮ್ಮೆ, ದೊಡ್ಡ ಹುಲ್ಲೆಗಳಾದ ವೈಲ್ಡ್‌ಬೀಸ್ಟ್‌ಗಳನ್ನೂ ಗುಡಿಸಿಹಾಕಿತ್ತು. ಮುಂದೆ ದನಗಳಿಗೆ ಲಸಿಕೆ ಹಾಕುತ್ತಾ ಬಂದಂತೆ ಕಾಡಿನಿಂದಲೂ ರೋಗ ಹೋಯಿತು. 1960ರ ದಶಕದ ಆರಂಭದಲ್ಲಿ ಪೂರ್ವ ಆಫ್ರಿಕಾದ ಸೆರೆಂಗೆಟಿ ಬಯಲಿನಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ವೈಲ್ಡ್‌ಬೀಸ್ಟ್‌ಗಳು ಮುಂದಿನ ದಶಕ ಮುಗಿಯುವಷ್ಟರಲ್ಲಿ ಹತ್ತು ಲಕ್ಷ ದಾಟಿದವು. 2001ರಲ್ಲಿ ಕೀನ್ಯಾದ ಮೇರು ಉದ್ಯಾನದ ಕಾಡೆಮ್ಮೆಗಳಲ್ಲಿ ಕೊನೆಯ ಸಲ ಕಂಡ ಈ ರೋಗ ಭೂಮಿಯಿಂದಲೇ ಹೋಯಿತು ಅಂತ 2011ರಲ್ಲಿ ಘೋಷಿಸಿದರು. ಹಾಗಾಗಿ ಲಸಿಕೆಯ ದುಡ್ಡು ಮೊದಲು ಹೋಗಬೇಕಾದ್ದು ಕಾಡಂಚಿನ ದನ, ನಾಯಿಗಳಿಗೆ ಅನ್ನುವುದು ನನ್ನ ಅಭಿಪ್ರಾಯ.

ಇದೂ ಎಲ್ಲ ಕಡೆ ನಡೆಯುವುದಿಲ್ಲ ಅನ್ನಿ. 1994ರಲ್ಲಿ ಅದೇ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ಅನ್ನುವ ನಾಯಿಗಳ ವೈರಸ್ ರೋಗ ಬಂದು ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸತ್ತವು. ಸುತ್ತಲಿನ ಊರುಗಳ ನಾಯಿಗಳಿಗೆ ಲಸಿಕೆ ಹಾಕಿದರು. ನಾಯಿಗಳಿಗೆ ಒಳ್ಳೆಯದಾಯಿತು, ಆದರೆ ಸಿಂಹಗಳಲ್ಲಿ ವೈರಸ್ ಪೂರ್ತಿ ನಿಲ್ಲಲಿಲ್ಲ. ಬೇರೆ ಮಾಂಸಾಹಾರಿಗಳಲ್ಲೂ ಅದು ಸುತ್ತುತ್ತಿರುತ್ತದೆ. ಜೊತೆಗೆ ಬರಗಾಲದಲ್ಲಿ ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣ್ಣೆ ಇದ್ದವು. ಅವನ್ನು ತಿಂದ ಸಿಂಹಗಳಿಗೆ ಉಣ್ಣೆಯಿಂದ ಬರುವ ಬೇಬೀಸಿಯಾ ಸೋಂಕೂ ತಗುಲಿತ್ತು. ಎರಡೂ ಒಟ್ಟಿಗೆ ಬಂದದ್ದಕ್ಕೇ ಅಷ್ಟು ಸಾವು.

ಕೊಲ್ಲುವ ಮಾತಿಗೆ ಬಂದರೆ, ಸುಮ್ನೆ ಕೊಂದರೆ ರೋಗ ಚೆದುರುವುದೇ ಜಾಸ್ತಿ. ಇಂಗ್ಲೆಂಡಿನಲ್ಲಿ ದನಗಳ ಕ್ಷಯ ತಡೆಯಲು, ಅದನ್ನು ಹರಡುವ, ಬಿಲದಲ್ಲಿ ಗುಂಪಾಗಿ ಬದುಕುವ ಬ್ಯಾಜರ್‌ಗಳನ್ನು ಕೊಂದು ನೋಡುವ ಪ್ರಯೋಗ ಮಾಡಿದರು, 1998ರಿಂದ 2005ರವರೆಗೆ. ಕೊಂದ ಜಾಗದೊಳಗೆ ದನಗಳ ರೋಗ ಇಳಿಯಿತು, ಅಂಚಿನ ಆಚೆ ಏರಿತು. ಗುಂಪು ಒಡೆದು, ಉಳಿದವು ದೂರ ದೂರ ಅಲೆಯತೊಡಗಿದ್ದವು. ಬೆಲ್ಜಿಯಂನವರು ನಿಧಾನಿಸಿದರು. 2018ರಲ್ಲಿ ಕಾಡುಹಂದಿಗಳಿಗೆ ಆಫ್ರಿಕನ್ ಹಂದಿಜ್ವರ ಬಂದಾಗ ಮೊದಲು ಬೇಟೆ ನಿಲ್ಲಿಸಿ, ಬೇಲಿ ಹಾಕಿ, ಹೆಣ ಹುಡುಕಿ ತೆಗೆದರು. ಹಂದಿಗಳ ಸಂಖ್ಯೆ ಇಳಿಸಲು ಹೊರಟದ್ದು ಆಮೇಲೆ. 2020 ಮುಗಿಯುವಷ್ಟರಲ್ಲಿ ರೋಗ ಹೋಗಿತ್ತು.

ಕೊನೆಯ ಪ್ರಶ್ನೆ. ಹೆಣ ಕಂಡರೆ ಮುಟ್ಟಬೇಡಿ, ಕೋಲಿನಿಂದ ತಿರುವಿ ಹಾಕುವುದೂ ಬೇಡ. ನಾಯಿ ಜೊತೆಗಿದ್ದರೆ ಹತ್ತಿರ ಬಿಡಬೇಡಿ. ದೂರದಿಂದ ಫೋಟೋ ತೆಗೆದು, ಫೋನಿನಲ್ಲಿ ಜಾಗ ಗುರುತು ಮಾಡಿ ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ಕೂಡಲೇ ತಿಳಿಸಿ. ನಾಳೆ ಹೇಳೋಣ ಅಂದುಕೊಂಡರೆ ಪರೀಕ್ಷೆಗೆ ಏನೂ ಉಳಿದಿರುವುದಿಲ್ಲ. ಸುತ್ತಮುತ್ತ ಇನ್ನೂ ಸತ್ತಿವೆಯಾ, ಒಂದೇ ಜಾತಿಯವಾ, ಬೇರೆ ಬೇರೆಯವಾ, ಅದನ್ನೂ ಹೇಳಿ. ಅವರು ಮೊದಲು ಕೇಳುವುದು ಅದನ್ನೇ.