ಬ್ಯಾಬಿಲಾನ್ ಬರ್ಲಿನ್ ಸರಣಿಯಲ್ಲಿ ತೋರಿಸಿರುವ 1929ರ ಇತಿಹಾಸ ಎಷ್ಟು ನಿಜ?

ಈ ಜರ್ಮನ್ ಟಿವಿ ಸರಣಿಯ ಮೊದಲ ಎರಡು ಸೀಸನ್ ನೋಡಿ ನೀವು ಮೂರು ವಿಷಯ ಕೇಳಿದ್ದೀರಿ. ಮೇ 1ರ ಗೋಲಿಬಾರ್ ನಿಜವಾಗಿ ನಡೆಯಿತಾ? ರಷ್ಯಾದಲ್ಲಿ ಜರ್ಮನ್ ಯುದ್ಧವಿಮಾನಗಳು ಇದ್ದವಾ? ನಾಜಿಗಳು ಯಾಕೆ ಅಷ್ಟಾಗಿ ಕಾಣಿಸುವುದಿಲ್ಲ?

ಗೋಲಿಬಾರ್ ನಡೆದದ್ದು ನಿಜ. ಇಡೀ ಸರಣಿಯ ಜೀವ ಅಲ್ಲೇ ಇದೆ ಎಂದು ನನಗನಿಸುತ್ತದೆ. 1928ರ ಡಿಸೆಂಬರಿನಿಂದಲೇ ಬರ್ಲಿನ್‌ನಲ್ಲಿ ಬಯಲು ಸಭೆ, ಮೆರವಣಿಗೆಗಳಿಗೆ ನಿಷೇಧ ಇತ್ತು. ಪೊಲೀಸ್ ಮುಖ್ಯಸ್ಥ ಕಾರ್ಲ್ ತ್ಸೋರ್ಗೀಬೆಲ್ ಮೇ ದಿನಕ್ಕೂ ಅದನ್ನು ಸಡಿಲಿಸಲಿಲ್ಲ. ಕಮ್ಯುನಿಸ್ಟರು ಬೀದಿಗೆ ಇಳಿದೇ ಇಳಿಯುತ್ತೇವೆ ಎಂದು ಹಟ ಹಿಡಿದರು. ವೆಡ್ಡಿಂಗ್, ನಾಯ್‌ಕೋಲ್ನ್ ಎಂಬ ಕಾರ್ಮಿಕರ ಬಡಾವಣೆಗಳಲ್ಲಿ ಮೂರು ದಿನ ಗುಂಡಿನ ಸದ್ದು ನಿಲ್ಲಲಿಲ್ಲ. ಪೊಲೀಸರು ಸುಮಾರು 11,000 ಗುಂಡು ಹಾರಿಸಿದರು. 30ಕ್ಕೂ ಹೆಚ್ಚು ಜನ ಸತ್ತರು, 1,200ಕ್ಕೂ ಹೆಚ್ಚು ಜನರನ್ನು ಹಿಡಿದರು. ಪೊಲೀಸರ ಕಡೆ ಒಂದು ಸಾವೂ ಆಗಲಿಲ್ಲ. ಆಮೇಲೆ ಯಾವ ಪೊಲೀಸನಿಗೂ ಶಿಕ್ಷೆಯಾಗಲಿಲ್ಲ.

ಬಾಲ್ಕನಿಯಲ್ಲಿದ್ದ ಇಬ್ಬರು ಹೆಂಗಸರಿಗೆ ಗುಂಡು ತಗಲುವ ದೃಶ್ಯ ಸುಮ್ನೆ ಕಣ್ಣೀರು ತರಿಸಲು ಹಾಕಿದ್ದು ಎಂದು ಕೆಲವರು ವಾದಿಸುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ವೆಡ್ಡಿಂಗ್‌ನ ಕೋಸ್ಲಿನರ್ ಬೀದಿ ಇಕ್ಕಟ್ಟಾದ ಓಣಿ, ಎರಡೂ ಕಡೆ ಎತ್ತರದ ವಠಾರಗಳು. ಪೊಲೀಸರು ಕಿಟಕಿ ಮುಚ್ಚಿ ಎಂದು ಕೂಗುತ್ತಾ ಕಿಟಕಿಗಳಿಗೇ ಗುರಿಯಿಟ್ಟರು. ಮೊದಲು ಸತ್ತ ಮ್ಯಾಕ್ಸ್ ಗೆಮೈನ್‌ಹಾರ್ಟ್ ತನ್ನ ಮನೆಯ ಕಿಟಕಿಯಲ್ಲೇ ನಿಂತಿದ್ದವನು. ಅವನು ಕಮ್ಯುನಿಸ್ಟ್ ಅಲ್ಲವೇ ಅಲ್ಲ, ಸೋಷಿಯಲ್ ಡೆಮಾಕ್ರಟ್, ಅಂದರೆ ಆಗ ಆಡಳಿತದಲ್ಲಿದ್ದ ಸೌಮ್ಯ ಎಡಪಕ್ಷದವನು. ತ್ಸೋರ್ಗೀಬೆಲ್ ಕೂಡ ಅದೇ ಪಕ್ಷದವನು!

ಆಗ ಮಾಸ್ಕೋದ ಮಾತು ಕೇಳಿ ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಟರನ್ನು 'ಸೋಷಿಯಲ್ ಫ್ಯಾಸಿಸ್ಟರು' ಎಂದು ಬೈಯುತ್ತಿದ್ದರು. ಅದು ತಪ್ಪು, ಮೂರ್ಖತನವೂ ಹೌದು. ಆದರೆ ಎದುರುಮನೆಯವನು ಗುಂಡು ತಿಂದು ಬಿದ್ದದ್ದನ್ನು ಕಂಡವರಿಗೆ ಆ ಬೈಗುಳ ದಿಟ ಅನಿಸದೇ ಇರುತ್ತದೆಯೇ? ಆ ಗಾಯ ಮಾಯಲೇ ಇಲ್ಲ.

ಇದಾಗಿ ಒಂದು ತಿಂಗಳಿಗೆ, ಜೂನ್‌ನಲ್ಲಿ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆಂದು ಇದೇ ಬರ್ಲಿನ್‌ಗೆ ಹೋಗಿದ್ದರು. ಅವರ ಭಾವ, ಕ್ರಾಂತಿಕಾರಿ ವೀರೇಂದ್ರನಾಥ ಚಟ್ಟೋಪಾಧ್ಯಾಯ, ಆಗ ಅಲ್ಲೇ ಇದ್ದರು. ಆ ಬೀದಿಗಳನ್ನು ತೆರೆಯ ಮೇಲೆ ನೋಡುವಾಗಲೆಲ್ಲ ನನಗೆ ಇವರಿಬ್ಬರು ನೆನಪಾಗುತ್ತಾರೆ.

ವಿಮಾನದ ಕತೆಯೂ ನಿಜ. ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿ 1,00,000 ಸೈನಿಕರನ್ನು ಮಾತ್ರ ಇಟ್ಟುಕೊಳ್ಳಬಹುದಿತ್ತು, ವಾಯುಪಡೆ ಇಡುವ ಹಾಗೇ ಇರಲಿಲ್ಲ. ಹಾಗಾಗಿ ರಷ್ಯಾದ ಲಿಪೆಟ್ಸ್ಕ್‌ನಲ್ಲಿ ಗುಟ್ಟಾಗಿ ಪೈಲಟ್‌ಗಳನ್ನು ತಯಾರು ಮಾಡಿದರು. 1933ರವರೆಗೂ ಅದು ನಡೆಯಿತು. ಇದರ ಸುಳಿವು ಕೊಟ್ಟ ಲೇಖನ 1929ರ ಮಾರ್ಚ್‌ನಲ್ಲೇ ಅಚ್ಚಾಗಿತ್ತು. ಅದಕ್ಕಾಗಿ ಸಂಪಾದಕ ಕಾರ್ಲ್ ಫಾನ್ ಒಸಿಯೆಟ್ಸ್ಕಿಗೆ 1931ರಲ್ಲಿ ಒಂದೂವರೆ ವರ್ಷ ಜೈಲುಶಿಕ್ಷೆಯಾಯಿತು. ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಇದೇ ಮನುಷ್ಯನಿಗೆ.

ಸರಣಿ ಇತಿಹಾಸವನ್ನು ತಿರುಚಿರುವುದು ಕಪ್ಪು ಸೇನೆಯ, ಅಂದರೆ ಆ ಒಪ್ಪಂದದ ಮಿತಿ ಮೀರಿ ಗುಟ್ಟಾಗಿ ಕಟ್ಟಿದ ಪಡೆಯ, ವಿಷಯದಲ್ಲಿ. ಆ ಗುಪ್ತ ಪಡೆ ದಂಗೆ ಎದ್ದದ್ದು 1923ರಲ್ಲಿ, ಅದೂ ಕ್ಯುಸ್ಟ್ರಿನ್ ಎಂಬ ಊರಲ್ಲಿ. ಕತೆಗಾಗಿ ಅದನ್ನು 1929ಕ್ಕೆ ಎಳೆದು ತಂದಿದ್ದಾರೆ. ಸರಣಿಯಲ್ಲಿ ಬರುವ ರೈಲಿನ ಚಿನ್ನ ಬರೀ ಕಲ್ಪನೆ.

ಇನ್ನು ನಾಜಿಗಳು. 1928ರ ಚುನಾವಣೆಯಲ್ಲಿ ಅವರಿಗೆ ಸಿಕ್ಕಿದ್ದು 2.6% ಮತ, ಬರೀ 12 ಸೀಟು. ಆ ಕಾಲದ ಬರ್ಲಿನ್‌ನವರಿಗೆ ಅವರು ಲೆಕ್ಕಕ್ಕೇ ಇರಲಿಲ್ಲ, ಅದನ್ನು ಸರಣಿ ಸರಿಯಾಗಿಯೇ ತೋರಿಸಿದೆ. ಷೇರುಪೇಟೆ ಕುಸಿದು ಕೆಲಸಗಳು ಹೋದ ಮೇಲೆ, 1930ರ ಸೆಪ್ಟೆಂಬರ್‌ನಲ್ಲಿ, 12 ಇದ್ದದ್ದು 107 ಆಯಿತು. ನಾಲ್ಕನೇ ಸೀಸನ್ ಶುರುವಾಗುವುದು ಆ ವರ್ಷದ ಕೊನೆಯ ರಾತ್ರಿ.

ಇನ್ನೊಂದು ಲೆಕ್ಕ ಇದೆ. 1932ರ ನವೆಂಬರ್‌ನಲ್ಲಿ ನಾಜಿಗಳಿಗೆ 196 ಸೀಟು. ಸೋಷಿಯಲ್ ಡೆಮಾಕ್ರಟರಿಗೆ 121, ಕಮ್ಯುನಿಸ್ಟರಿಗೆ 100. ಕೂಡಿಸಿದರೆ ಇವರೇ ಜಾಸ್ತಿ, ಅಲ್ವಾ? ಆದರೆ ಕೂಡಲಿಲ್ಲ. ಯಾಕೆ ಕೂಡಲಿಲ್ಲ ಎನ್ನುವುದಕ್ಕೆ ಕಾರಣ ಹಲವು. ಕೋಸ್ಲಿನರ್ ಬೀದಿಯ ಆ ಮೂರು ದಿನಗಳೂ ಅದರಲ್ಲಿ ಸೇರಿವೆ.